ದುರುಗಪ್ಪನವರ ಏಣಿ

ವಿಮಾನಕ್ಕೆ ಬಣ್ಣ ಬಳಿಯಲು ದುರುಗಪ್ಪನವರಿಗೆ ನಾಲ್ಕು ದಿನ ಸಾಕಾಗುತ್ತಿತ್ತು. ಬಳಿದ ಬಣ್ಣವನ್ನು ಹಾಳು ಮಾಡಲು ಹದಿನೈದು ದಿನ ಬೇಕಾಗುತ್ತಿತ್ತು.

ಹಾಳು ಮಾಡುವುದೆಂದರೆ ಸುಮ್ಮನೆ ಕೆರೆಯುವುದಲ್ಲ. ರೆಕ್ಕೆಯ ಬುಡದಲ್ಲಿ, ಮೆಕ್ಯಾನಿಕ್ ಬೂಟುಗಾಲಿಟ್ಟು ಹತ್ತುವ ಜಾಗದಲ್ಲಿ ಮಾತ್ರ ಬಣ್ಣ ಸವೆದು ಒಳಗಿನ ಬೆಳ್ಳಿ ಕಾಣಬೇಕು. ಎಣ್ಣೆ ತುಂಬುವ ಬಾಯಿಯ ಸುತ್ತ ಜಿಡ್ಡಿನ ಕಲೆ ಇರಬೇಕು. ಹೊಟ್ಟೆಯ ಕೆಳಗೆ ಹೊಗೆಯ ಮಸಿ ಮುಂದಿನಿಂದ ಹಿಂದಕ್ಕೆ ಎಳೆದಂತೆ ಹರಡಿರಬೇಕು. ಇದೆಲ್ಲ ಒಂದು ಮೊಳಕ್ಕಿಂತ ಚಿಕ್ಕದಾದ ಮರದ ವಿಮಾನದ ಮೇಲೆ. "ಹೊಸಾ ವಿಮಾನ ಮಾಡೋದು ಫ್ಯಾಕ್ಟರಿಯವರ ಕೆಲಸ. ನಾನು ಹಾರಿ ಬಂದದ್ದನ್ನ ಮಾಡಾಂವ," ಎನ್ನುತ್ತಿದ್ದರು.

ಅವರು ಉಚ್ಚಂಗಿದುರ್ಗದ ಗುಡ್ಡದ ಬುಡದ ಒಕ್ಕಲುಮನೆಯವರು. ಹರೆಯದಲ್ಲೇ ವಾಯುಸೇನೆ ಸೇರಿ, ಇಪ್ಪತ್ತು ವರ್ಷ ಯುದ್ಧವಿಮಾನಗಳಿಗೆ ಬಣ್ಣ ಹೊಡೆದು ಅಂಕಿ ಬರೆದು, ಸಾರ್ಜೆಂಟ್ ಆಗಿ ನಿವೃತ್ತರಾಗಿ, ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಮನೆ ಮಾಡಿದರು. ಅವರು ವಿಮಾನ ಹಾರಿಸಿದವರೆಂದೇ ಊರೆಲ್ಲ ನಂಬಿತ್ತು. ಯಾರಾದರೂ ಹಾಗೆಂದರೆ ಅಲ್ಲಿಯೇ ತಿದ್ದುತ್ತಿದ್ದರು. "ನಾ ಹಾರಿಸಿಲ್ಲಪ್ಪ. ಹಾರಿಸೋರ ಹೆಸರು ಬರದೀನಿ."

ನನ್ನದು ಬಸ್ ಸ್ಟ್ಯಾಂಡಿನ ಹಿಂದೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಜೋಡಿ, ತೀರಿಹೋದವರು, ಎಲ್ಲರಿಗೂ ಅದೇ ಗಾಜು, ಅದೇ ಬೀಡಿಂಗಿನ ಮರದ ಪಟ್ಟಿ. ಒಂದು ದಿನ ದುರುಗಪ್ಪನವರು ಒಂದು ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಕೊಡಬೇಕೆಂದರು. ನಾನು ಶಿಸ್ತಿನ ಮನುಷ್ಯ. ಅಂಗಡಿಯಿಂದ ಹೊರಬೀಳುವ ಮಾಲು ಥಳಥಳ ಎನ್ನಬೇಕು. ಪೆಟ್ಟಿಗೆಯೊಳಗೆ ಇಡುವ ಮೊದಲು ನೋಡುತ್ತೇನೆ, ವಿಮಾನದ ಹೊಟ್ಟೆಯೆಲ್ಲ ಮಸಿ! ಮನುಷ್ಯ ಇಷ್ಟು ಚೆಂದ ಮಾಡಿ ಕೈ ತೊಳೆಯದೇ ಹಿಡಿದಿದ್ದಾನಲ್ಲ ಎಂದುಕೊಂಡು ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿಟ್ಟೆ.

ಸಂಜೆ ಬಂದವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಈರಣ್ಣೋರೆ, ಸಾವಿರಾರು ತಾಸು ಹಾರಿ ಬಂದ ವಿಮಾನಕ್ಕ ಜಳಕ ಮಾಡಿಸಿಬಿಟ್ರಲ್ರಿ," ಎಂದರು. ಅವರ ಒಂದು ವಾರದ ಕೆಲಸವನ್ನು ನಾನು ಐದು ನಿಮಿಷದಲ್ಲಿ ಒರೆಸಿ ಹಾಕಿದ್ದೆ. ಸಿಟ್ಟು ಬಂದಾಗ ಮಾತ್ರ ಅವರು ನನ್ನನ್ನು ಬಹುವಚನದಲ್ಲಿ ಕರೆಯುತ್ತಾರೆಂದು ಆಮೇಲೆ ಗೊತ್ತಾಯಿತು. ಸ್ನೇಹ ಬೆಳೆದ ಮೇಲೆ ನಾನು ಬರೀ ಈರಣ್ಣ, ಇಲ್ಲವೆಂದರೆ "ಲೇ".

ಅವರ ಹೆಸರು ಬಾಯಿಂದ ಬಾಯಿಗೆ ಹಬ್ಬಿ, ದೇಶದ ಯಾವ ಯಾವುದೋ ಮೂಲೆಯಿಂದ ಕಾಗದಗಳು ಬರುತ್ತಿದ್ದವು. ನಿವೃತ್ತರಾದವರು, ನಿವೃತ್ತರಾಗುವವರಿಗೆ ಕಾಣಿಕೆ ಕೊಡುವವರು ಬರೆಯುತ್ತಿದ್ದರು. ಜೊತೆಗೊಂದು ಮಸುಕು ಫೋಟೋ, ಬಾಲದ ಮೇಲಿನ ನಂಬರು. ಯಾವುದೋ ಒಂದು ವಿಮಾನ ಯಾರಿಗೂ ಬೇಕಿರಲಿಲ್ಲ. ತಮ್ಮದೇ ಆ ಒಂದು ಬೇಕಿತ್ತು. ದುರುಗಪ್ಪನವರು ಶಿವನೆ ಮರದ ತುಂಡು ಹಿಡಿದು ಕೂರುತ್ತಿದ್ದರು. ಗಾಲಿಗೆ ಹಳೇ ಹವಾಯಿ ಚಪ್ಪಲಿಯ ರಬ್ಬರು. ಪೈಲಟ್ ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಸೀರೆ ಡಬ್ಬಿಯ ಪ್ಲಾಸ್ಟಿಕ್ಕು. ಅದನ್ನು ಒಲೆಯ ಮೇಲೆ ಹಿಡಿದು ಮೆತ್ತಗಾಗಿಸಿ ಅಚ್ಚಿನ ಮೇಲೆ ಎಳೆಯುತ್ತಿದ್ದರು. "ನಾನು ರೊಟ್ಟಿ ಬೇಯಿಸೋ ಒಲಿ ಮ್ಯಾಲೆ ಇವ್ರು ವಿಮಾನ ಬೇಯಿಸ್ತಾರ," ಎಂದು ಅವರ ಹೆಂಡತಿ ಗಂಗಮ್ಮ ನನ್ನ ಹತ್ತಿರ ದೂರುತ್ತಿದ್ದರು. ಕೆಲಸದಲ್ಲಿ ಮುಳುಗಿದರೆ ಬ್ರಷ್ಷನ್ನು ಚಹಾದ ಲೋಟಕ್ಕೆ ಅದ್ದುವ ಚಾಳಿ ಬೇರೆ. ಕೊನೆಗೆ ಗಂಗಮ್ಮ ಚಹಾದ ಲೋಟಕ್ಕೆ ಕೆಂಪು ದಾರ ಕಟ್ಟಿದರು. ದುರುಗಪ್ಪನವರು ಅದಕ್ಕೂ ಅದ್ದಿದರು.

ಎಲ್ಲ ವಿಮಾನಗಳಿಗೂ ಅವರದೊಂದು ನೇಮವಿತ್ತು. ಮುಚ್ಚಳ ತೆರೆದಿರಬೇಕು, ಒಳಗಿನ ಸೀಟು ಖಾಲಿ ಇರಬೇಕು, ಪಕ್ಕದಲ್ಲಿ ಪೈಲಟ್ ಹತ್ತಿ ಇಳಿಯುವ ಒಂದು ಹಳದಿ ಏಣಿ ನೇತಾಡಬೇಕು. ತಾಮ್ರದ ತಂತಿಯ ಏಣಿ, ನನ್ನ ಕಿರುಬೆರಳಿನಷ್ಟು. ಹಾರುತ್ತಿರುವ ಹಾಗೆ, ಮುಚ್ಚಳ ಮುಚ್ಚಿ ಮಾಡಿಕೊಡಿ ಎಂದು ಕೇಳಿದವರಿಗೆ, ಬೇರೆ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಿ ಎಂದು ಬರೆದುಬಿಡುತ್ತಿದ್ದರು. ಕಲಾವಿದರಿಗೆ ಒಂದೊಂದು ಹುಚ್ಚು ಇರುತ್ತದೆ, ಇದೂ ಹಾಗೇ ಎಂದುಕೊಂಡು ನಾನು ಯಾಕೆಂದು ಕೇಳಿರಲಿಲ್ಲ. ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಡಗಲಿಯಿಂದ ನಾಗರಾಜಪ್ಪ ಮೇಷ್ಟ್ರು ಬಂದರು. ನಿವೃತ್ತ ಗಣಿತದ ಮೇಷ್ಟ್ರು, ಮಾತು ಕಡಿಮೆ. ಅವರ ಮಗ ಪ್ರಕಾಶ ವಾಯುಸೇನೆಯಲ್ಲಿ ಪೈಲಟ್ ಆಗಿದ್ದ. ಹನ್ನೆರಡು ವರ್ಷದ ಹಿಂದೆ ಒಂದು ದಿನ ಹಾರಿದವನು ವಾಪಸು ಬರಲಿಲ್ಲ. ಅವನ ವಿಮಾನ ಬೇಕಿತ್ತು ಮೇಷ್ಟ್ರಿಗೆ. ನಾನು ಅಂದು ದುರುಗಪ್ಪನವರ ಮನೆಯಲ್ಲೇ ಇದ್ದೆ. ಮೇಷ್ಟ್ರು ಕಿಸೆಯಿಂದ ನಂಬರು ಬರೆದ ಚೀಟಿ ತೆಗೆಯುವಷ್ಟರಲ್ಲಿ ದುರುಗಪ್ಪನವರು, "ಚೀಟಿ ಬ್ಯಾಡ್ರಿ, ನಂಬರ್ ನನಗ ಗೊತ್ತೈತಿ," ಎಂದರು. ಹೇಗೆ ಗೊತ್ತು ಎಂದು ಮೇಷ್ಟ್ರು ಕೇಳಲಿಲ್ಲ. ಇವರು ಹೇಳಲಿಲ್ಲ.

ಆ ವಿಮಾನಕ್ಕೆ ಎಂಟು ತಿಂಗಳು ಹಿಡಿಯಿತು. ಮೂರು ಸಲ ಕೆತ್ತಿ ಮೂರು ಸಲ ಒಲೆಗೆ ಹಾಕಿದರು. ಥಿನ್ನರ್ ವಾಸನೆಗೆ ಕೆಮ್ಮು ಹೆಚ್ಚಾಗಿತ್ತು. ಮಸಿ ಎಳೆಯುವಾಗ ಉಸಿರು ಬಿಗಿಹಿಡಿಯಬೇಕಲ್ಲ, ಅದು ಆಗುತ್ತಿರಲಿಲ್ಲ. ಒಂದು ಗೆರೆ ಎಳೆದು, ಹೊರಗೆ ಹೋಗಿ ಕೆಮ್ಮಿ, ಬಂದು ಇನ್ನೊಂದು ಎಳೆಯುತ್ತಿದ್ದರು. ಮುಗಿದ ದಿನ ನನ್ನ ಅಂಗಡಿಗೆ ತಂದಿಟ್ಟು, "ಛಲೋ ಗಾಜು ಹಾಕು. ಮೇಷ್ಟ್ರು ಬರೋ ಹೊತ್ತಿಗೆ ನಾನೂ ಬರ್ತೀನಿ, ಅವರ ಕೈಗೆ ನಾನ ಕೊಡ್ಬೇಕು," ಎಂದರು. ಆದರೆ ಎರಡೇ ದಿನಕ್ಕೆ ಉಸಿರಾಟ ಕೆಟ್ಟು ಬಳ್ಳಾರಿಯ ಆಸ್ಪತ್ರೆ ಸೇರಿದರು. ಮೇಷ್ಟ್ರು ಹೇಳಿದ ದಿನಕ್ಕೇ ಬಂದರು.

ಇನ್ನು ನನ್ನ ಘನಕಾರ್ಯ ಹೇಳಿಬಿಡುತ್ತೇನೆ. ಹಡಗಲಿಗೆ ಬಸ್ಸಿನಲ್ಲಿ ಹೋಗಬೇಕು, ರಸ್ತೆಯೆಲ್ಲ ಗುಂಡಿ. ಏಣಿ ಅಲ್ಲಾಡಿ ಬಣ್ಣ ಕೆರೆದೀತೆಂದು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ತೆರೆದ ಮುಚ್ಚಳ ಮುರಿದೀತು, ಒಳಗೆ ಧೂಳೂ ಕೂತೀತು ಎಂದು ಮೆಲ್ಲಗೆ ಒತ್ತಿ ಮುಚ್ಚಿದೆ. ಆಮೇಲೆ ದೇವರ ಪಟಕ್ಕೆ ಮಾಡುವಂತೆ ಗಾಜಿನ ಸಂದುಗಳಿಗೆಲ್ಲ ಮೇಣ ತುಂಬಿ, ಬೀಡಿಂಗ್ ಬಡಿದು, ಇರುವೆಯೂ ಹೋಗದ ಹಾಗೆ ಬಿಗಿ ಮಾಡಿದೆ. ಏಣಿಯನ್ನು ಒಳಗಿಡಲು ಮರೆತೆ. ಮೇಷ್ಟ್ರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತದ್ದನ್ನು ನೋಡಿ, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಅಂಗಡಿಗೆ ಬಂದರೆ, ಮೊಳೆಗಳ ನಡುವೆ ಹಳದಿ ಏಣಿ ಬಿದ್ದಿತ್ತು.

ದುರುಗಪ್ಪನವರು ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ಒಯ್ದು ಕೊಟ್ಟೆ. ಬಸ್ಸಿನಲ್ಲಿ ಮುರಿಯದಿರಲೆಂದು ಮುಚ್ಚಳವನ್ನೂ ಮುಚ್ಚಿದೆ ಎಂದೆ. ಈರಣ್ಣೋರೆ ಎಂದು ಬೈಯುತ್ತಾರೆಂದು ಕಾದೆ. ಅವರು ಏಣಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಅದರ ಮೆಟ್ಟಿಲುಗಳನ್ನು ಸವರಿದರು.

"ಪ್ರಕಾಶ ನಮ್ಮ ಸ್ಕ್ವಾಡ್ರನ್ನಾಗ ಇದ್ದ, ಈರಣ್ಣ," ಎಂದರು. "ಮಂದಿ ಮುಂದ ನಾ ಸೆಲ್ಯೂಟ್ ಹೊಡೀಬೇಕು. ಯಾರೂ ಇರದಾಗ, ಊಟ ಆತೇನ್ರಿ ದುರುಗಪ್ಪಣ್ಣ ಅಂತಿದ್ದ. ಅಷ್ಟು ದೂರದಾಗ ನಮ್ಮ ಕಡಿ ಮಾತು ಆಡಾಕ ನಾವಿಬ್ಬರ. ಅವನ ವಿಮಾನದ ಮ್ಯಾಲೆ ಅವನ ಹೆಸರು ಬರದಾಂವ ನಾನು. ನಂದು ಬಣ್ಣದ ಕೆಲಸ. ಅವತ್ತು ಏಣಿ ಹಿಡಿಯಾಂವಗ ಜ್ವರ ಬಂದಿತ್ತು ಅಂತ ನಾ ನಿಂತೆ. ಅವ ಹತ್ತಿ ಕುಂತ. ಮ್ಯಾಲಿನ ಮುಚ್ಚಳ ಮುಚ್ಚಿದ. ನಾ ಏಣಿ ತೆಗೆದೆ. ನಮ್ಮಾಗ ಒಂದು ರೂಢಿ ಐತಿ, ಏಣಿ ತೆಗೆದಾಂವನ, ವಿಮಾನ ವಾಪಸ್ ಬಂದಾಗ, ಹಚ್ಚಬೇಕು. ಬೇರೆಯವರಿಗೆ ಕೊಟ್ಟು ಹೋಗಂಗಿಲ್ಲ. ಸಂಜೀತನಕ ಏಣಿ ಹಿಡಕೊಂಡು ಬಿಸಿಲಾಗ ನಿಂತಿದ್ದೆ. ಆಮ್ಯಾಲೆ ಯಾರೋ ಬಂದು ಕೈಯಿಂದ ಬಿಡಿಸಿಕೊಂಡ್ರು."

ಕೆಮ್ಮು ಬಂತು. ಅದು ನಿಂತ ಮೇಲೆ ಹೇಳಿದರು: "ಅವನದೊಂದು ಮಾಡಿ ಏಣಿ ಹಚ್ಚಬೇಕಂತ ಎಷ್ಟ್ ಸಲ ಕುಂತೀನಿ, ಆಗಿರಲಿಲ್ಲ. ಮೇಷ್ಟ್ರು ಬಂದು ಕೇಳಿದ ಮ್ಯಾಲೆ ಆತು. ಅವರ ಎದುರಿಗೆ ಕುಂತು, ಏಣಿ ತೆಗೆದಾಂವ ನಾನ್ರಿ ಅಂತ ಹೇಳಬೇಕಂತ ಇದ್ದೆ. ಈಗ ನೋಡಿದ್ರ ಅವ ಮತ್ತ ಒಳಗ ಸಿಕ್ಕೊಂಡ."

ಅಂದು ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾಳೆಯೇ ಹಡಗಲಿಗೆ ಹೋಗಿ ಸರಿಮಾಡಿ ಬರುತ್ತೇನೆ ಎಂದೆ. "ನಾನೂ ಬರ್ತೀನಿ, ಈ ಕೆಮ್ಮು ಒಂದೀಟು ಇಳೀಲಿ ತಡಿ," ಎಂದರು. ಕೆಮ್ಮು ಇಳಿಯಲಿಲ್ಲ. ಚಳಿಗಾಲ ಹೋಯಿತು, ಬೇಸಿಗೆ ಬಂತು. ನಾನೊಬ್ಬನೇ ಹೋಗಬಹುದಿತ್ತು, ಹೋಗಲಿಲ್ಲ. ಅವರು ಬರುತ್ತೇನೆಂದಿದ್ದಾರಲ್ಲ ಎಂಬ ನೆಪ ಕೈಯಲ್ಲಿತ್ತು. ಮಗನನ್ನು ಕಳೆದುಕೊಂಡವರ ಮುಂದೆ ಹೋಗಿ ತಪ್ಪು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ ಎನ್ನುವುದೇ ನಿಜ.

ಕೊನೆಯ ಸಲ ಅವರನ್ನು ನೋಡಿದ್ದು ಒಂದು ಮಧ್ಯಾಹ್ನ. ಮಂಚದ ಮೇಲೆ ದಿಂಬಿಗೊರಗಿದ್ದರು. ಬಲಗೈ ತೋರುಬೆರಳಿನ ಉಗುರಿನಲ್ಲಿ ಯಾವಾಗಲೂ ಇರುತ್ತಿದ್ದ ಬೂದುಬಣ್ಣ ಇರಲಿಲ್ಲ, ಬೆಳ್ಳಗಿತ್ತು. ಗಂಗಮ್ಮ ನನಗೆ ಚಹಾ ಕೊಟ್ಟರು, ಕೆಂಪು ದಾರದ ಲೋಟದಲ್ಲಿ. ದುರುಗಪ್ಪನವರು ದಿಂಬಿನ ಕೆಳಗಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ನಾ ಬರಾಂಗಿಲ್ಲ ಬಿಡಲೇ," ಎಂದರು. "ಅಲ್ಲದ ಈ ಸಲ ಏಣಿ ತೆಗೆದಾಂವ ನೀನು. ತೆಗೆದಾಂವನ ಹಚ್ಚಬೇಕು."

ಅವರ ದಿನಕರ್ಮ ಮುಗಿದ ಮರುದಿನವೇ ಹಡಗಲಿಯ ಬಸ್ಸು ಹತ್ತಿದೆ. ಮೇಷ್ಟ್ರು ಮಗಳ ಮನೆಯಲ್ಲಿದ್ದರು. ಮೊಮ್ಮಕ್ಕಳ ಗದ್ದಲ, ಟಿವಿಯಲ್ಲಿ ಕ್ರಿಕೆಟ್ಟು. ಒಳಕೋಣೆಯ ಮೇಜಿನ ಮೇಲೆ ಪ್ರಕಾಶನ ಫೋಟೋ, ಅದಕ್ಕೆ ಅಂದು ಬೆಳಿಗ್ಗೆಯ ಮಲ್ಲಿಗೆ, ಮುಂದೆ ನಾನು ಬಿಗಿದ ಪೆಟ್ಟಿಗೆ. ನಾನು ಎಲ್ಲವನ್ನೂ ಹೇಳಿದೆ. ದುರುಗಪ್ಪನವರು ಯಾರೆಂಬುದನ್ನು, ಅವರು ಸಂಜೆಯ ತನಕ ಏಣಿ ಹಿಡಿದು ನಿಂತದ್ದನ್ನು, ನಾನು ಮುಚ್ಚಳ ಮುಚ್ಚಿದ್ದನ್ನು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವನನ್ನ ತಂದ ಪೆಟ್ಟಿಗಿನೂ ಹಿಂಗ ಬಿಗಿ ಮಾಡಿ ಬಂದಿತ್ರಿ," ಎಂದರು. "ತೆಗೀಬ್ಯಾಡ್ರಿ ಅಂದಿದ್ರು. ನಾವೂ ತೆಗೀಲಿಲ್ಲ. ನೀವು ಕೊಟ್ಟದ್ದೂ ಹಂಗ ಇತ್ತು. ಇದೂ ಹಿಂಗ ಇರಬೇಕೇನೋ ಅಂತ ಸುಮ್ನಾದೆ."

ಇಪ್ಪತ್ತು ವರ್ಷ ಗಾಜು ಕೊಯ್ದ ಕೈ ನನ್ನದು. ಅಂದು ಬೀಡಿಂಗಿನ ಒಂದೊಂದು ಮೊಳೆಯನ್ನೂ ಸದ್ದಾಗದಂತೆ ಕಿತ್ತೆ. ಮೇಣ ಕೆರೆದು ಗಾಜು ಎತ್ತಿದಾಗ ಒಳಗಿದ್ದ ಬಣ್ಣದ ವಾಸನೆ ಒಮ್ಮೆಲೇ ಹೊರಬಂತು, ದುರುಗಪ್ಪನವರೇ ಬಂದು ಪಕ್ಕದಲ್ಲಿ ಕುಳಿತಂತಾಯಿತು. ಉಗುರಿನ ತುದಿಯಿಂದ ಮುಚ್ಚಳ ಎತ್ತಿದೆ. ಬೆಂಕಿಪೊಟ್ಟಣದಿಂದ ಏಣಿ ತೆಗೆದು, ಅದರ ಎರಡು ಕೊಂಡಿಗಳನ್ನು ಸೀಟಿನ ಪಕ್ಕದ ಅಂಚಿಗೆ ಸಿಕ್ಕಿಸಿದೆ. ಕೂತಿತು.

ಮೇಷ್ಟ್ರು ಬಗ್ಗಿ ಒಳಗೆ ನೋಡಿದರು. ಸೀಟಿನ ಬೆಲ್ಟುಗಳನ್ನು ದುರುಗಪ್ಪನವರು ಎರಡೂ ಪಕ್ಕಕ್ಕೆ ಬಿಚ್ಚಿಟ್ಟಿದ್ದರು. ಎಂಟು ತಿಂಗಳು ಪಕ್ಕದಲ್ಲೇ ಕೂತಿದ್ದ ನಾನೂ ಅದನ್ನು ಗಮನಿಸಿರಲಿಲ್ಲ. "ಇಳದಾನ," ಎಂದರು ಮೇಷ್ಟ್ರು, ತಮಗೆ ತಾವೇ ಎಂಬಂತೆ. ಆಮೇಲೆ ಗೋಡೆ ಹಿಡಿದು ನೆಲಕ್ಕೆ ಕುಳಿತು ಅತ್ತರು. ಹೊರಗೆ ಮಕ್ಕಳು ಯಾವುದೋ ಸಿಕ್ಸರ್‌ಗೆ ಕೂಗಿಕೊಂಡವು. ನಾನೂ ಅತ್ತೆ. ಈ ಸುದ್ದಿಯನ್ನು ಓಡಿಹೋಗಿ ಹೇಳಬೇಕಾದ ಮನುಷ್ಯ ಸ್ಟೇಷನ್ ರಸ್ತೆಯಲ್ಲಿ ಇರಲಿಲ್ಲ.

ಗಾಜನ್ನು ಮತ್ತೆ ಕೂರಿಸಿದೆ. ಮೇಣ ತುಂಬಲಿಲ್ಲ, ಬೀಡಿಂಗ್ ಬಡಿಯಲಿಲ್ಲ.

"ಬಿಗಿ ಮಾಡೋದಿಲ್ಲೇನ್ರಿ? ಧೂಳ ಕೂಡ್ತೈತಲ್ಲ," ಎಂದರು ಮೇಷ್ಟ್ರು.

"ಬ್ಯಾಡ್ರಿ," ಎಂದೆ. "ಧೂಳ ಕುಂತರ ಗಾಜು ಎತ್ತಿ ಒರಸ್ರಿ. ಹೊಟ್ಟಿ ಕೆಳಗಿನ ಮಸಿ ಮಾತ್ರ ಒರಸಬ್ಯಾಡ್ರಿ. ಹಾರಿ ಬಂದದ್ದಕ್ಕ ಅದ ಗುರುತು."