ಬೈಂಡರ್ ಬಿಟ್ಟ ಹದಿನಾರು ಪುಟ

ನಮ್ಮ ಚಿಕ್ಕಪ್ಪ ಲೈಬ್ರರಿಯ ಬೈಂಡರ್. ಜೀವಮಾನವೆಲ್ಲ ಪುಸ್ತಕ ಹೊಲಿದವನು, ಒಂದನ್ನೂ ಓದಿದವನಲ್ಲ. ಯಾಕೆ ಎಂದು ಕೇಳಿದರೆ, "ದರ್ಜಿ ತಾನು ಹೊಲಿದಿದ್ದನ್ನೆಲ್ಲ ಹಾಕ್ಕೊಂಡು ನೋಡ್ತಾನಾ?" ಎನ್ನುತ್ತಿದ್ದ. ಅಂಗಿಯಿಂದ ಗೋಂದಿನ ವಾಸನೆ ಎಂದೂ ಬಿಟ್ಟುಹೋಗದ ಅವನಿಗೆ ಬೀದಿಯವರು ಗೋಂದಣ್ಣ ಎಂದೇ ಹೆಸರಿಟ್ಟಿದ್ದರು.

ಚಿಕ್ಕಮ್ಮ ಇದಕ್ಕೆ ತದ್ವಿರುದ್ಧ. ಕೆಲಸದ ಸಲುವಾಗಿ ನಾನು ಅವರ ಮನೆಯಲ್ಲೇ ಉಳಿದುಕೊಂಡಿದ್ದರಿಂದ ಕಣ್ಣಾರೆ ಕಂಡು ಹೇಳುತ್ತಿದ್ದೇನೆ: ಒಲೆಯ ಮೇಲೆ ಹಾಲು ಉಕ್ಕಿತೆಂದರೆ ಅವಳ ಕಾದಂಬರಿಯಲ್ಲಿ ಯಾರೋ ಯಾರಿಗೋ ಮನಸ್ಸು ಕೊಟ್ಟಿದ್ದಾರೆ ಎಂದೇ ಅರ್ಥ. ಚಿಕ್ಕಪ್ಪ ತುಟಿ ಪಿಟಕ್ಕೆನ್ನದೆ ಒಲೆ ಒರೆಸುತ್ತಿದ್ದ.

ಇಷ್ಟು ಸಾಧು ಮನುಷ್ಯನಿಗೂ ಒಂದು ಜಂಬವಿತ್ತು. ಮನೆಗೆ ಯಾರೇ ಬರಲಿ, ಟೀ ಲೋಟ ಕೈಗೆ ಬರುವಷ್ಟರಲ್ಲಿ ಶುರು ಮಾಡುತ್ತಿದ್ದ. "ಪುಸ್ತಕ ಚೆನ್ನಾಗಿದೆ ಅನ್ನೋರು ಊರು ತುಂಬ ಇದ್ದಾರೆ. ಬೈಂಡು ಚೆನ್ನಾಗಿದೆ ಅಂತ ಲೈಬ್ರರಿ ಹಿಂದಿನ ನನ್ನ ಕೋಣೆವರೆಗೂ ಬಂದು ಹೇಳಿದೋಳು ಒಬ್ಬಳೇ. ಅವಳನ್ನೇ ಕಟ್ಕೊಂಡೆ!" ಆಗೆಲ್ಲ ಚಿಕ್ಕಮ್ಮ ನಕ್ಕು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅವಳ ಪಾಲಿನ ಕಥೆ ಬೇರೆಯೇ ಇತ್ತು. ಆಗ ಸ್ವಂತ ಔಷಧದಂಗಡಿ ಇದ್ದ ಹುಡುಗನೊಬ್ಬ ಅವಳನ್ನು ಒಪ್ಪಿದ್ದ. ಮನೆಯವರಿಗೆ ಸ್ವರ್ಗ ಮೂರೇ ಗೇಣು. ಅದೇ ದಿನಗಳಲ್ಲಿ ಅವಳು ಲೈಬ್ರರಿಯಿಂದ ಒಂದು ಹಳೆಯ ಕಾದಂಬರಿ ತಂದಿದ್ದಳು. ಅದರಲ್ಲಿ ಶಾಲೆಯ ಬಡ ಟೀಚರೊಬ್ಬಳನ್ನು ಗಿರಣಿ ಮಾಲೀಕ ಬಯಸುತ್ತಾನೆ. ಒಳ್ಳೆಯವನೇ, ಆದರೆ ಎಲ್ಲವನ್ನೂ ತಾನೇ ತೀರ್ಮಾನಿಸುವವನು. ಕೊನೆಗೆ ಅವನು ಮನೆ ಬಾಗಿಲಿಗೇ ಬಂದು ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ‘ಅವಳು ಬಾಗಿಲು ಹಾಕಿದಳು. ಒಳಗೆ ಒಲೆ ಇನ್ನೂ ಬೆಚ್ಚಗಿತ್ತು.’ ಅಲ್ಲಿಗೆ ಪುಸ್ತಕ ಖತಂ. ಈ ಎರಡು ಸಾಲು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. "ಎಂಥಾ ಎದೆಗಾರಿಕೆ ನೋಡೇ! ನಾನೂ ಔಷಧದಂಗಡಿಗೆ ಬಾಗಿಲು ಹಾಕ್ದೆ" ಎನ್ನುತ್ತಿದ್ದಳು ಚಿಕ್ಕಮ್ಮ. ಹಾಗೆ ಹಾಕಿ, ಗೋಂದಿನ ವಾಸನೆಯ ಈ ಪುಣ್ಯಾತ್ಮನನ್ನು ತಾನೇ ಆರಿಸಿಕೊಂಡಳು.

ಆ ವರ್ಷ ಲೈಬ್ರರಿಯವರು ಒಂದು ಪಂಥ ಹೂಡಿದರು. ವರ್ಷ ಮುಗಿಯುವುದರೊಳಗೆ ಒಂದು ಡಜನ್ ಹಳೆಯ ಪ್ರೇಮ ಕಾದಂಬರಿ ಓದಬೇಕು, ಕೊನೆಗೆ ಸಭೆಯಲ್ಲಿ ನಿಂತು ತಮ್ಮ ಮನಸ್ಸಿಗೆ ಹಿಡಿಸಿದ ಮುಕ್ತಾಯದ ಬಗ್ಗೆ ಮಾತಾಡಬೇಕು. ಮೊದಲು ಹೆಸರು ಕೊಟ್ಟವಳು ಚಿಕ್ಕಮ್ಮ. ಅರ್ಧ ಓದುವಷ್ಟರಲ್ಲಿ ಅವಳ ಕಣ್ಣಿನ ಪೊರೆ ಬಲಿತು ಆಪರೇಷನ್ ಆಯಿತು. ಸದ್ಯಕ್ಕೆ ಪುಸ್ತಕ ಮುಟ್ಟಕೂಡದು ಎಂದರು ಡಾಕ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮುಖ ಗಂಟಿಕ್ಕಿಕೊಂಡು ಕೂತವಳನ್ನು ನೋಡಲಾರದೆ ಚಿಕ್ಕಪ್ಪ ಹೇಳಿಯೇಬಿಟ್ಟ. "ನಾನು ಓದ್ತೀನಿ. ನೀನು ಕೇಳು."

ಅಯ್ಯೋ, ಆ ಓದು! ಪುಸ್ತಕ ಕೈಗೆ ಬಂದ ಕೂಡಲೇ ಮೊದಲು ಅದರ ಬೆನ್ನು ಸವರುತ್ತಿದ್ದ. "ಬರೀ ಅಂಟು, ಹೊಲಿಗೇನೇ ಇಲ್ಲ. ನಾಲ್ಕು ಸಲ ತೆರೆದ್ರೆ ಎಲೆ ಉದುರುತ್ತೆ" ಎಂದು ಬೈದು, ಆಮೇಲೆ ಬಸ್ಸಿನ ವೇಳಾಪಟ್ಟಿ ಓದುವ ಧಾಟಿಯಲ್ಲಿ ಪ್ರೇಮ ನಿವೇದನೆ ಓದುತ್ತಿದ್ದ. ಅಪ್ಪುಗೆಯ ಜಾಗ ಬಂದರೆ ಕಿವಿ ಕೆಂಪಾಗಿ ಪುಟ ಹಾರಿಸುತ್ತಿದ್ದ.

"ಆಮೇಲೆ ಅವರಿಬ್ಬರೂ... ಮಾತಾಡಿದರು."

"ರೀ, ಮಾತಾಡೋಕೆ ದೀಪ ಯಾಕೆ ಆರಿಸಿದ್ರು?"

"ಕರೆಂಟು ಉಳೀಲಿ ಅಂತ ಇರ್ಬೇಕು."

"ಹಿಂದಕ್ಕೆ ಹೋಗಿ. ಬಿಡದೆ ಓದಿ."

ಓದುತ್ತಿದ್ದ ಪಾಪ. ಮದುವೆಯಾದ ಮೇಲೂ ಹೇಳದ ಮಾತನ್ನೆಲ್ಲ ಬೇರೆಯವರ ಹೆಸರಿನಲ್ಲಿ ಹೆಂಡತಿಗೆ ಹೇಳಿದ. ಚಿಕ್ಕಮ್ಮ ಪಟ್ಟಿಯ ಕೆಳಗೇ ಮುಸಿಮುಸಿ ನಗುತ್ತಿದ್ದಳು. ಬರುಬರುತ್ತಾ ಅವನಿಗೇ ರುಚಿ ಹತ್ತಿತು. ಸಂಜೆ ಚಪ್ಪಲಿ ಬಿಡುವ ಮೊದಲೇ, "ಆ ಹುಡುಗಿ ಒಪ್ಕೊಂಡ್ಲಾ ಇಲ್ವಾ ಇವತ್ತು ಗೊತ್ತಾಗ್ಬೇಕು" ಎನ್ನುತ್ತಿದ್ದ.

ಕೊನೆಗೆಂದು ಚಿಕ್ಕಮ್ಮ ಉಳಿಸಿಕೊಂಡಿದ್ದು ಅದೇ ಗಿರಣಿ ಮಾಲೀಕನ ಕಾದಂಬರಿ. ಈ ಪಂಥಕ್ಕೆಂದೇ ಲೈಬ್ರರಿಯವರು ಅದರ ಹೊಸ ಮುದ್ರಣ ತರಿಸಿ ಎಲ್ಲರಿಗೂ ಹಂಚಿದ್ದರು. ಅಂದು ಚಿಕ್ಕಪ್ಪ ಆ ಎರಡು ಸಾಲಿಗೆ ಬಂದ. ‘ಅವಳು ಬಾಗಿಲು ಹಾಕಿದಳು. ಒಳಗೆ ಒಲೆ ಇನ್ನೂ ಬೆಚ್ಚಗಿತ್ತು.’ ಓದಿ, ಪುಟ ತಿರುವಿದ. ತಿರುವಿದವನು ಹಾಗೇ ಕಲ್ಲಾಗಿ ಕೂತ. ಆ ಕಡೆಯೂ ಅಕ್ಷರಗಳಿದ್ದವು. ಪುಸ್ತಕ ಮುಗಿದಿರಲಿಲ್ಲ.

"ಆಯ್ತಲ್ಲ" ಎಂದು ಚಿಕ್ಕಮ್ಮ ತೃಪ್ತಿಯಿಂದ ಒರಗಿದಳು. ಚಿಕ್ಕಪ್ಪ, "ಹ್ಞೂಂ, ಆಯ್ತು" ಎಂದು ಪುಸ್ತಕ ಮುಚ್ಚಿದ.

ಮಾರನೆಯ ದಿನ ನನ್ನನ್ನು ಕೆಲಸದ ಕೋಣೆಗೆ ಕರೆಸಿಕೊಂಡ. ರಟ್ಟು, ಕ್ಯಾಲಿಕೊ ಬಟ್ಟೆ, ದಾರದ ಉಂಡೆಗಳ ನಡುವೆ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಮುಂದೆ ಎರಡು ಪುಸ್ತಕ: ಹೊಸದು, ಮತ್ತು ಚಿಕ್ಕಮ್ಮ ಅಂದು ಓದಿದ್ದ, ಲೈಬ್ರರಿಯ ಕಪಾಟಿನಿಂದ ಹುಡುಕಿ ತೆಗೆದ ಹಳೆಯದು.

"ಹಳೇದರ ಹೊಲಿಗೆ ನೋಡು. ಗಂಟು ಎಡಕ್ಕೆ ಬಿದ್ದಿದೆ. ಇಲ್ಲಿ ಎಡಚ ನಾನೊಬ್ಬನೇ. ಕೊನೇ ಫಾರಂ ಹೊಲಿಯೋದೇ ಬಿಟ್ಟಿದ್ದೀನಿ ಕಣೆ!"

ಫಾರಂ ಎಂದರೆ ಒಂದೇ ಹಾಳೆಯನ್ನು ಮಡಚಿ ಮಾಡಿದ ಹದಿನಾರು ಪುಟದ ಕಟ್ಟು. ಹಿಂದಿನದು ಅಧ್ಯಾಯದ ಕೊನೆಯ ಸಾಲಿಗೇ ಸರಿಯಾಗಿ ಮುಗಿದಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಸ ಪುಸ್ತಕದಲ್ಲಿ ಆ ಹದಿನಾರು ಪುಟ ಓದಿದೆ. ಬಾಗಿಲು ಹಾಕಿದ ಟೀಚರಮ್ಮ ಬೆಳಗಾಗುವಷ್ಟರಲ್ಲಿ ಅದೇ ಬಾಗಿಲು ತೆಗೆದು, ಬರಿಗಾಲಲ್ಲಿ ಸ್ಟೇಷನ್ನಿಗೆ ಓಡಿ, ಗಿರಣಿ ಮಾಲೀಕನ ಕೈ ಹಿಡಿಯುತ್ತಾಳೆ.

"ಅವಳು ನನ್ನನ್ನ ಒಪ್ಪಿದ್ದು ಈ ಪುಸ್ತಕ ನಂಬಿ. ಪುಸ್ತಕ ಹಾಗಿದ್ದಿದ್ದು ನನ್ನ ತಪ್ಪಿಂದ" ಎಂದ ಚಿಕ್ಕಪ್ಪ. ಕಣ್ಣು ತುಂಬಿತ್ತು. "ಹೇಳ್ದೆ ಇರೋಣ ಅಂದ್ರೆ, ಸಭೇಲಿ ಹತ್ತು ಜನರ ಮುಂದೆ ನಿಂತು ಆ ಬಾಗಿಲನ್ನೇ ಹೊಗಳ್ತಾಳೆ. ಹೊಸದು ಓದಿದೋರೆಲ್ಲ ನಗ್ತಾರೆ. ಹೇಳೋಣ ಅಂದ್ರೆ... ಸುಮ್ಮನೆ ಮೋಸ ಹೋದೆ ಅಂತ ಅವಳಿಗೆ ಅನ್ಸಿದ್ರೆ?"

ಆ ವಾರವೆಲ್ಲ ಅವನು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದ. "ಸಭೇಲಿ ಬೇರೆ ಪುಸ್ತಕದ ಬಗ್ಗೆ ಮಾತಾಡು" ಎಂದ. "ಗಂಟಲು ಕೆಟ್ಟಿದೆ ಅಂತ ಹೇಳಿ ಕಳಿಸೋಣ" ಎಂದ. ಜಂಬ ಹೊಡೆಯುವುದನ್ನೂ ನಿಲ್ಲಿಸಿದ. ಟೀಗೆ ಬಂದವರು ಅವನಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದರು. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು. ಇಷ್ಟು ವರ್ಷ ಬಾಳಿದ ಮೇಲೂ ಹೆಂಡತಿ ಕೈಬಿಟ್ಟಾಳೆಂದು ಹೆದರುವ ಗಂಡಸನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಸಭೆಗೆ ಹಿಂದಿನ ದಿನ ಸಂಜೆ ಚಿಕ್ಕಮ್ಮ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಪಟ್ಟಿ ಬಿಚ್ಚಿ ಆಗಿತ್ತು, ಓದಲು ಇನ್ನೂ ಅಪ್ಪಣೆ ಇರಲಿಲ್ಲ. ಚಿಕ್ಕಪ್ಪ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಅವಳ ಮುಂದಿಟ್ಟು, ಬಾಗಿಲ ಬಳಿ ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟ. ಕೊನೆಗೆ, "ಆ ಹದಿನಾರು ಪುಟ ನಾನು ಹೊಲಿದಿದ್ರೆ ನೀನು ಔಷಧದಂಗಡೀಲಿ ಇರ್ತಿದ್ದೆ" ಎಂದ.

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಪಕ್ಕಕ್ಕಿಟ್ಟಳು.

"ಕೊನೇಲಿ ‘ಮುಗಿಯಿತು’ ಅಂತ ಇರ್ಲಿಲ್ಲ ಕಣ್ರೀ" ಎಂದಳು. "ಆ ಪ್ರೆಸ್ಸಿನೋರು ಎಲ್ಲಾ ಪುಸ್ತಕದ ಕೊನೇಲೂ ಹಾಕ್ತಿದ್ರು. ನಂಗೆ ಅವತ್ತೇ ಗೊತ್ತಾಯ್ತು, ಬೈಂಡರ್ ಮಹಾರಾಯ ಪುಟ ನುಂಗಿದ್ದಾನೆ ಅಂತ. ಮೈಯೆಲ್ಲ ಉರೀತು. ಚೆನ್ನಾಗಿ ಜಾಡಿಸ್ಬೇಕು ಅಂತ್ಲೇ ಹಿಂದಿನ ಕೋಣೆಗೆ ಬಂದೆ."

ಚಿಕ್ಕಪ್ಪ ಬಾಯಿ ತೆರೆದುಕೊಂಡು ನಿಂತ. "ಬೈಂಡು ಚೆನ್ನಾಗಿದೆ ಅಂದ್ಯಲ್ಲ!"

"ನೀವು ಹರಿದ ಪುಟವೊಂದನ್ನ ಎದುರಿಗಿಟ್ಕೊಂಡು ತೇಪೆ ಹಾಕ್ತಿದ್ರಿ. ಮಗೂಗೆ ಉಗುರು ಕತ್ತರಿಸೋರ ಹಾಗೆ, ಉಸಿರು ಬಿಗಿಹಿಡ್ಕೊಂಡು. ಅದನ್ನ ನೋಡಿ ನಂಗೆ ಬೈಯೋಕೆ ಬಾಯಿ ಬರ್ಲಿಲ್ಲ. ಏನಾದ್ರೂ ಹೇಳ್ಬೇಕಲ್ಲ, ಅದನ್ನ ಹೇಳ್ದೆ."

"ಮತ್ತೆ, ಪುಟ ಎಲ್ಲಿ ಅಂತ ಆಮೇಲಾದ್ರೂ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನಿಮ್ಮ ಮುಖ ಬಾಡ್ತಿತ್ತು. ಟೀ ಕುಡಿಯೋಕೆ ಬಂದೋರಿಗೆಲ್ಲ ಅಷ್ಟು ಹೆಮ್ಮೆಯಿಂದ ಹೇಳ್ಕೋತೀರ. ಮೊನ್ನೆ ‘ಆಯ್ತಲ್ಲ’ ಅಂದಿದ್ದೂ ಅದಕ್ಕೇ." ಕುರ್ಚಿ ಎಳೆದು ಕೂತಳು. "ಹೋಗ್ಲಿ, ಈಗ ಓದಿ. ಆ ಹದಿನಾರು ಪುಟ. ಅವಳು ಏನು ಮಾಡಿದ್ಲು ಅಂತ ನಾನೂ ತಿಳ್ಕೋಬೇಡ್ವಾ?"

ಚಿಕ್ಕಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಅವಳ ಪಕ್ಕದಲ್ಲಿ ಕೂತು ಓದಿದ. ಈ ಸಲ ಏನನ್ನೂ ಹಾರಿಸಲಿಲ್ಲ. ಟೀಚರಮ್ಮ ಬಾಗಿಲು ತೆಗೆದಳು, ಬರಿಗಾಲಲ್ಲಿ ಓಡಿದಳು, ಹೊರಡುತ್ತಿದ್ದ ರೈಲಿನಿಂದ ಗಿರಣಿ ಮಾಲೀಕನನ್ನು ಕೆಳಗಿಳಿಸಿದಳು. ಕೊನೆಗೆ ಬಂತು, ‘ಮುಗಿಯಿತು’.

ಚಿಕ್ಕಮ್ಮ ಚಿಕ್ಕಪ್ಪನ ಕೈಬೆರಳಿಗೆ ಒಣಗಿ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತಾ ಹೇಳಿದಳು:

"ಪಾಪ, ಓಡದೆ ಏನು ಮಾಡ್ತಾಳೆ! ಅವಳಿಗೆ ಬೈಂಡರ್ ಸಿಕ್ಕಿರ್ಲಿಲ್ಲ."