ನನ್ನ ಮಷೀನಿನಲ್ಲಿ ಮಾತ್ರ ಓಡಿದ ಸುತ್ತು

ಆ ಸಲ ನನ್ನ ಲ್ಯಾಪ್‌ಟಾಪನ್ನು ಮೂರು ವಾರ ಶಟ್‌ಡೌನ್ ಮಾಡಿರಲಿಲ್ಲ. ನಾಲ್ಕು ವಾರವೂ ಇರಬಹುದು. ನನ್ನ ನೆನಪಿನ ಮೇಲೆ ನನಗೀಗ ಅಷ್ಟೇನೂ ಗೌರವವಿಲ್ಲ. ವೈಟ್‌ಫೀಲ್ಡ್‌ನ ನಮ್ಮ ಕಚೇರಿಯಲ್ಲಿ ಎಲ್ಲರ ಪದ್ಧತಿಯೂ ಅದೇ: ಕ್ಯಾಬ್ ಬಂತೆಂದರೆ ಮುಚ್ಚಳ ಮುಚ್ಚಿ ಓಡುವುದು, ಬೆಳಿಗ್ಗೆ ತೆರೆದು ನಿನ್ನೆ ಬಿಟ್ಟಲ್ಲಿಂದ ಮುಂದುವರಿಯುವುದು.

ನಾವು ಬರೆಯುತ್ತಿದ್ದದ್ದು ಲಿಸ್ಪ್ ಜಾತಿಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅಂದರೆ ಆವರಣ ಚಿಹ್ನೆಗಳ ಕಾಡಿನಲ್ಲಿ. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆಯೇ ಅದರ ಒಂದೊಂದೇ ತುಣುಕು ಬದಲಿಸಬಹುದು ಎಂಬುದು ಅದರ ಹೆಗ್ಗಳಿಕೆ. ಪೀಣ್ಯದ ಒಂದು ಕಾರ್ಖಾನೆಗೆ, ಲೋಹದ ಬಿಡಿಭಾಗಗಳ ಅಳತೆ ನೋಡಿ ವರದಿ ಕೊಡುವ ಪ್ರೋಗ್ರಾಮ್ ಅದು. ಅದನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಕೂರಿಸಲು ಹೋದವಳು ನಮ್ಮ ತಂಡದ ಹೊಸ ಎಂಜಿನಿಯರ್, ರಾಯಚೂರು ಕಡೆಯವಳು, ಇನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಲ್ಲಿ ಪ್ರೋಗ್ರಾಮ್ ಏಳಲೇ ಇಲ್ಲ. ‘ನನ್ ಮಷೀನಲ್ಲಿ ಓಡ್ತಿದೆಯಲ್ಲ’ ಎಂದು, ನನ್ನ ಅಷ್ಟೂ ವರ್ಷಗಳ ಅನುಭವವನ್ನು ಧಾರೆಯೆರೆದು, ಫೋನಿನಲ್ಲಿ ಹೇಳಿದೆ.

ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದ. ‘ಶುಕ್ರವಾರ ಅವಳ ಕನ್ಫರ್ಮೇಶನ್‌ಗೆ ಸೈನ್ ಹಾಕ್ಬೇಕು ಗುರು. ತಪ್ಪು ಅವಳ್ದಾದ್ರೆ ಈಗ್ಲೇ ಹೇಳ್ಬಿಡು, ಕೆಲಸದಿಂದ ಬಿಡಿಸೋಣ.’

ದೋಷದ ಜಾತಿ ನನಗೆ ಗೊತ್ತಿತ್ತು. ಪ್ರೋಗ್ರಾಮಿನ ಒಂದು ತುಣುಕು, ಅಂದರೆ ಮಾಡ್ಯೂಲ್, ಏಳುವ ಮೊದಲು ತನಗೆ ಬೇಕಾದ ಇನ್ನೊಂದನ್ನು ಕರೆಯುತ್ತದೆ. ಆ ಇನ್ನೊಂದು ತಿರುಗಿ ಮೊದಲನೆಯದನ್ನೇ ಕರೆದರೆ ಎರಡೂ ಏಳುವುದಿಲ್ಲ, ‘ನೀವು ಮೊದಲು’ ಎಂದು ಬಾಗಿಲಲ್ಲೇ ನಿಂತ ಬೀಗರ ಹಾಗೆ. ಈ ಸುತ್ತನ್ನು ಹಿಡಿಯಲು ಒಂದು ಪರೀಕ್ಷಕ ಟೂಲ್ ಬರೆದೆ: ಪ್ರತಿ ಮಾಡ್ಯೂಲಿಗೂ ಹೋಗು, ಗುರುತು ಹಾಕು, ಅದು ಕರೆದಲ್ಲಿಗೆ ನಡೆ, ಗುರುತಿದ್ದದ್ದು ಮತ್ತೆ ಎದುರಾದರೆ ಸುತ್ತು. ಊಟದ ಹೊತ್ತಿಗೆ ಅದು ಅವಳು ಬರೆದ ಮಾಡ್ಯೂಲನ್ನು ತೋರಿಸಿತು. ಎಂ.ಎಸ್ಸಿ. ಓದಿದ ದಿನದಿಂದ ಎಲ್ಲವನ್ನೂ ಸಂಶಯಿಸುತ್ತ ಬಂದವನು, ಇದೊಂದನ್ನು ಸಂಶಯಿಸದೆ, ತಪ್ಪು ಅವಳದೇ ಎಂದು ಮ್ಯಾನೇಜರಿಗೂ ಅವಳಿಗೂ ಮೇಲ್ ಕಳುಹಿಸಿದೆ.

ಅವಳು ಫೋನ್ ಮಾಡಿದಳು. ಹಿಂದೆ ಗ್ರೈಂಡಿಂಗ್ ಸದ್ದು.

‘ಸರ್, ನನ್ ಮಾಡ್ಯೂಲನ್ನ ಬ್ಯಾರೆ ಎರಡು ಮಾಡ್ಯೂಲು ಕರೀತಾವ, ಖರೆ. ಆದ್ರ ಅದು ಯಾರನ್ನೂ ಕರೆಯಂಗಿಲ್ಲ. ಎರಡು ಬಸ್ಸು ಮಾಕಳಿ ಸ್ಟಾಪಿಗೆ ಬಂದು ನಿಂತ್ರ ಅದಕ್ಕ ಸುತ್ತು ಅಂತೀರೇನ್ರಿ?’

‘ಇಲ್ಲ.’

‘ಮತ್ತ, ಇನ್ನೂ ಹಾದ್ಯಾಗಿರೋ ಬಸ್ಸಿಗೂ ಊರು ಮುಟ್ಟಿದ ಬಸ್ಸಿಗೂ ನೀವು ಒಂದ ಚೀಟಿ ಹಚ್ಚೀರಲ್ರಿ.’

ಹಚ್ಚಿದ್ದೆ. ಗುರುತನ್ನು ಎರಡು ಮಾಡಿದೆ: ‘ನೋಡುತ್ತಿದ್ದೇನೆ’, ‘ನೋಡಿ ಮುಗಿಯಿತು’. ಮೊದಲ ಗುರುತಿನದು ಮತ್ತೆ ಎದುರಾದರೆ ಮಾತ್ರ ಸುತ್ತು. ಈ ಸಲ ಅವಳ ಮಾಡ್ಯೂಲ್ ತಣ್ಣಗೆ ದಾಟಿಹೋಯಿತು. ಸಿಕ್ಕಿಬಿದ್ದದ್ದು ಅಳತೆಯ ಮಾಡ್ಯೂಲ್ ಮತ್ತು ವರದಿಯ ಮಾಡ್ಯೂಲ್, ಒಂದನ್ನೊಂದು ಕರೆಯುತ್ತ. ವರದಿಯೊಳಗೆ ಆ ಕರೆ ಸೇರಿಸಿದವರು ಯಾರೆಂದು ಕೋಡಿನ ಇತಿಹಾಸ ತೆಗೆದು ನೋಡಿದರೆ ನನ್ನ ಹೆಸರು. ಪಕ್ಕದಲ್ಲಿ ‘ತಾತ್ಕಾಲಿಕ’ ಎಂಬ ಟಿಪ್ಪಣಿ ಬೇರೆ. ಆ ಸಾಲು ಬರೆದ ನೆನಪು ನನಗೆ ಇವತ್ತಿಗೂ ಇಲ್ಲ.

ನಾನು ಆ ಸಾಲು ಸೇರಿಸುವ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಮಾಡ್ಯೂಲುಗಳು ಎದ್ದು ಕೂತಾಗಿತ್ತು. ಮತ್ತೆ ಏಳುವ ಪ್ರಸಂಗವೇ ಅವಕ್ಕೆ ಬರಲಿಲ್ಲ. ನಾನು ಮರೆತದ್ದನ್ನೆಲ್ಲ ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿತ್ತು. ಅನ್ಯೋನ್ಯ ದಾಂಪತ್ಯ. ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಿದೆ. ಪೀಣ್ಯದಲ್ಲಿ ಆದಂತೆಯೇ, ಪ್ರೋಗ್ರಾಮ್ ಏಳಲಿಲ್ಲ.

‘ಟೂಲ್ ತಪ್ಪು ಅಂತ ಹಾಕು ಮಗಾ, ನಿನ್ ಹೆಸ್ರು ಯಾಕೆ ಎಳೀತೀಯ?’ ಎಂದ ಮ್ಯಾನೇಜರ್. ನಾನು ಇನ್ನೊಂದು ಮೇಲ್ ಬರೆದೆ. ಶುಕ್ರವಾರ ಅವಳ ಪತ್ರಕ್ಕೆ ಸಹಿ ಬಿತ್ತು.

ತಪ್ಪು ನನ್ನದೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೆ ಎಂದು ನನ್ನ ನೆನಪು. ‘ಐದನೇ ಸಾಲ್ರಿ ಸರ್. ಮದ್ಲಿನ ನಾಕು ಸಾಲು ಟೂಲಿಗೆ ಬೈದಿದ್ರಿ’ ಎನ್ನುತ್ತಾಳೆ ಅವಳು. ಆ ಮೇಲ್ ಇನ್ನೂ ಇದೆ, ತೆರೆದು ನೋಡಬಹುದು. ನೋಡಿಲ್ಲ.