ಕೇಳದೆ ಹೂಂ ಅಂದವನು

ನಲವತ್ತು ವರ್ಷ ಸುತ್ತಿಗೆ ಹೊಡೆದವನ ಕಿವಿ ನೆಟ್ಟಗಿರುವುದಾದರೂ ಹೇಗೆ? ಆದರೆ ಕಿವಿ ಮಂದವಾಗಿದೆಯೆಂದು ಕಮ್ಮಾರ ಯಾರ ಮುಂದೂ ಬಾಯಿಬಿಡಲಿಲ್ಲ. ಹರೆಯದಲ್ಲಿ ಊರಿನ ಕಿವುಡ ದನಗಾಹಿಯನ್ನು ಕಂಡಾಗಲೆಲ್ಲ, "ಇವನಿಗೆ ಗುಟ್ಟು ಹೇಳಬೇಕಂದ್ರೆ ಪಕ್ಕದೂರಿಗೂ ಡಂಗುರ ಸಾರಬೇಕು" ಎಂದು ನಗೆಯಾಡುತ್ತಿದ್ದವನು ಅವನೇ. ಆ ನಗೆ ಈಗ ತನ್ನ ಮೇಲೆ ತಿರುಗುವುದು ಅವನಿಗೆ ಬೇಕಿರಲಿಲ್ಲ.

ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮನೆ, ಕುಲುಮೆ ಎರಡೂ ಊರಾಚೆ. ಚಹಾದಂಗಡಿಗೆ ಹೋದರೆ ನಾಲ್ಕು ಜನರ ಮಾತು ಕಲಸಿಕೊಂಡು ಬರೀ ಗದ್ದಲವಾಗುತ್ತಿತ್ತು, ಅದನ್ನೂ ಬಿಟ್ಟ. ಉಳಿದವನು ಬಡಗಿ ಒಬ್ಬನೇ. ಇವನು ಕೊಡಲಿ ತಟ್ಟಿದರೆ ಅವನು ಅದಕ್ಕೆ ಮರದ ಕಾವು ಕೂರಿಸುವುದು, ಹೀಗೆ ಆಯುಷ್ಯವೆಲ್ಲ ಜೊತೆಗೆ ದುಡಿದವರು. ಕೆಲಸ ನಿಂತ ಮೇಲೂ ಬಡಗಿ ಮಧ್ಯಾಹ್ನ ಊಟವಾದೊಡನೆ ಬಂದು, ತಣ್ಣಗಾದ ಕುಲುಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಊರ ಸುದ್ದಿಯೆಲ್ಲ ಒದರಿ ಹೋಗುತ್ತಿದ್ದ. ಕಮ್ಮಾರ ಅವನ ತುಟಿ ನೋಡುತ್ತ "ಹೂಂ, ಹೂಂ" ಎನ್ನುತ್ತಿದ್ದ. ಮಾತು ನಿಂತಾಗ ನಗುತ್ತಿದ್ದ. ಬಡಗಿಯ ಮಾತು ಹತ್ತರಲ್ಲಿ ಒಂಬತ್ತು ತಮಾಷೆಯೇ ಆದ್ದರಿಂದ ಎಡವಟ್ಟಾಗುತ್ತಿರಲಿಲ್ಲ.

ಒಂದು ದಿನ ಬಡಗಿ ತಲೆ ಬಗ್ಗಿಸಿಕೊಂಡೇ ಮಾತಾಡಿದ. ತುಟಿ ಕಾಣಲಿಲ್ಲ. ಮಾತು ನಿಂತಿತು. ಕಮ್ಮಾರ ಅಭ್ಯಾಸದಂತೆ ನಕ್ಕು, "ಆಗ್ಲಿ ಬಿಡೋ, ಒಳ್ಳೇದೇ ಆಯ್ತು" ಎಂದ. ಬಡಗಿ ತಲೆಯೆತ್ತಿ ಅವನ ಮುಖ ನೋಡಿದ. ಎದ್ದು ಹೋದ. ಮತ್ತೆ ಬರಲಿಲ್ಲ.

ಕಮ್ಮಾರ ಕಾದ. ಆಮೇಲೆ ಅವನಿಗೂ ಸಿಟ್ಟು ಬಂತು. ಬೇಕಾದರೆ ಬರಲಿ ಎಂದು ಬಿಗಿದುಕೊಂಡು ಕೂತ. ಎರಡು ತಿಂಗಳಲ್ಲಿ, ಕಮ್ಮಾರನನ್ನು ಅಣ್ಣ ಎಂದೇ ಕರೆಯುತ್ತಿದ್ದ ಬಡಗಿಯ ಹೆಂಡತಿ ತೀರಿಕೊಂಡಳು. ಆ ಸುದ್ದಿ ಕಮ್ಮಾರನಿಗೆ ಮುಟ್ಟಿದ್ದು ಮೂರನೆಯ ದಿನ. ಇನ್ನು ಯಾವ ಮುಖ ಹೊತ್ತು ಹೋಗುವುದೆಂದು ಹೋಗಲೇ ಇಲ್ಲ. ಹೀಗೇ ಎರಡು ವರ್ಷ ಕಳೆಯಿತು. ಕೆಲವು ದಿನ ಅವನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

ಮನೆ ಮನೆ ಸುತ್ತುತ್ತ ಬಂದ ಆರೋಗ್ಯ ಕೇಂದ್ರದ ನರ್ಸು ಅವನ ಗುಟ್ಟನ್ನು ಗಳಿಗೆಯಲ್ಲಿ ಹಿಡಿದಳು. "ಮುಚ್ಚಿಟ್ಟು ಏನು ಸಾಧಿಸಿದ್ರಿ ತಾತ?" ಎಂದು ಬೈದು, ಕಿವಿಗೆ ಮಿಷನ್ನು ಕೊಡಿಸಿದಳು. ಮೊದಲ ದಿನ ತನ್ನ ಚಪ್ಪಲಿಯ ಸದ್ದಿಗೆ ತಾನೇ ಬೆಚ್ಚಿ ತಿರುಗಿ ನೋಡಿದ. ಮರುದಿನ ಬಡಗಿಯ ಮನೆಗೆ ಹೋದ.

ಬಾಗಿಲು ತೆರೆದವಳು ಬಡಗಿಯ ಮಗಳು. "ಅಪ್ಪ ಹಿತ್ತಲಲ್ಲಿದ್ದಾರೆ" ಎಂದವಳು ದಾರಿ ಬಿಡಲಿಲ್ಲ. "ಮಾವ, ಅಮ್ಮ ಉಳಿಯಲ್ಲ ಅಂತ ಡಾಕ್ಟರು ಹೇಳಿದ ದಿನ ಅಪ್ಪ ಮೊದಲು ಬಂದಿದ್ದು ನಿಮ್ಮ ಹತ್ರ. ನೀವು ನಕ್ಕುಬಿಟ್ರಂತೆ. ಅಮ್ಮ ಕೊನೇವರೆಗೂ, ಅಣ್ಣ ಬರಲಿಲ್ವಾ ಅಂತ ಕೇಳ್ತಾನೇ ಇದ್ಲು."

ಕಮ್ಮಾರ ಅವಳನ್ನು ದಾಟಿಕೊಂಡು ನಡೆದ. ಹಿತ್ತಲಿಗೆ ಹೋದವನು ಮಿಷನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. "ಅವತ್ತು ನೀನು ಹೇಳಿದ್ದು ನನಗೆ ಕೇಳಿರಲಿಲ್ಲ ಕಣೋ."

ಬಡಗಿ ಏನೋ ಅಂದ. ಕಮ್ಮಾರ ಗಡಿಬಿಡಿಯಲ್ಲಿ ಅದನ್ನು ಕಿವಿಗೆ ಸಿಕ್ಕಿಸಿಕೊಂಡು, "ಏನಂದೆ? ಕೇಳಿಸಲಿಲ್ಲ" ಎಂದ.

"ಈ ಮಾತನ್ನ ಅವತ್ತೇ ಅಂದಿದ್ರೆ, ಜೋರಾಗಿ ಹೇಳ್ತಿದ್ನಲ್ಲೋ ಅಂದೆ."

ಬಡಗಿ ಈಗ ವಾರಕ್ಕೊಮ್ಮೆ ಬರುತ್ತಾನೆ. ಸಿಟ್ಟಿಲ್ಲ, ಮಾತೂ ಹೆಚ್ಚಿಲ್ಲ. ಒಮ್ಮೆ ಕಮ್ಮಾರನೇ ಧೈರ್ಯ ಮಾಡಿ, "ತಂಗಿ ಕೊನೆಗೆ ಏನೇನು ಮಾತಾಡಿದ್ಲು?" ಎಂದು ಕೇಳಿದ.

"ಇನ್ನೊಂದು ದಿನ ಹೇಳ್ತೀನಿ" ಎಂದ ಬಡಗಿ. ಇನ್ನೂ ಹೇಳಿಲ್ಲ.